ಅಯ್ಯಾರ ಕಾಲು

ಕಾಲಿನ ದವಾಖಾನೆಯನ್ನು ಮಾಳಿಗೆಯ ಮೇಲೆ ಇಟ್ಟವರ ಬುದ್ಧಿಗೆ ಏನೆನ್ನಬೇಕು ಎಂದು ರಾಚಯ್ಯ ಅರ್ಧ ಮೆಟ್ಟಿಲಲ್ಲಿ ನಿಂತು ಬೈದುಕೊಂಡ. ನಾಳೆ ಕಣ್ಣಿನ ದವಾಖಾನೆಯನ್ನು ಕತ್ತಲೆ ಕೋಣೆಯಲ್ಲಿ ಇಟ್ಟಾರು ಈ ಮಂದಿ. ಕೆಳಗೆ ಶಿಗ್ಗಾವಿಯ ಪೇಟೆ, ಗೊಬ್ಬರದ ಅಂಗಡಿ, ಮೊಬೈಲ್ ಅಂಗಡಿ, ಹಾರ್ನ್ ಹೊಡೆಯುವ ಟಂಟಂ ಗಾಡಿಗಳು; ಮೇಲೆ ಹೋಗಲು ಒಬ್ಬರೇ ಹಿಡಿಸುವಷ್ಟು ಇಕ್ಕಟ್ಟಾದ ಮೆಟ್ಟಿಲು. ಬಲಗಾಲಿನ ಹಿಮ್ಮಡಿಯನ್ನಷ್ಟೇ ಊರಿ, ಗೋಡೆ ಹಿಡಿದು ಏರುವಾಗ ಮೇಲಿನಿಂದ ಇಳಿದು ಬಂದ ಹೆಂಗಸೊಬ್ಬಳು ಅವನ ಕಾವಿ ಶಾಲು, ಹಣೆಯ ವಿಭೂತಿ ಕಂಡದ್ದೇ ತಡ, ಸೆರಗು ಹೊದ್ದುಕೊಂಡಳು. ಗೋಡೆಗೆ ಒತ್ತಿಕೊಂಡು ಅವನನ್ನು ದಾಟಿ ಕೆಳಗಿಳಿದು, ಅಲ್ಲಿಂದ ಬಗ್ಗಿ ಅವನ ಪಾದಕ್ಕೆ ಹಣೆ ಹಚ್ಚಿದಳು. ಹಣೆ ಸರಿಯಾಗಿ ಹುಣ್ಣಿಗೆ ಕಟ್ಟಿದ ಪಟ್ಟಿಯ ಮೇಲೆಯೇ ಬಂತು. ನೋಯಲಿಲ್ಲ. ನೋಯದೆ ಇದ್ದದ್ದಕ್ಕೇ ಅವನಿಗೆ ಸಿಟ್ಟು ಬಂತು. "ಶುಭವಾಗಲಿ" ಎಂದ. "ನಿಮಗೇನಾಗೇತ್ರಿ ಅಯ್ಯಾರ, ಇಲ್ಲಿಗೆ ಬಂದೀರಿ?" ಎಂದು ಆಕೆ ಕೇಳಿದಾಗ, "ನನಗೇನಾಗತೈತವಾ, ಇಲ್ಲೊಬ್ಬರನ್ನ ಮಾತಾಡಸಾಕ ಬಂದೇನಿ" ಎಂದುಬಿಟ್ಟ. ಸುಳ್ಳು ಎಷ್ಟು ಸಲೀಸಾಗಿ ಬಂತಲ್ಲ ಎಂದು ಉಳಿದ ಮೆಟ್ಟಿಲುಗಳನ್ನು ಏರುವಷ್ಟು ಹೊತ್ತೂ ಅವನಿಗೆ ಅದೇ ಕೊರೆಯಿತು.

ಬಾಗಿಲಲ್ಲಿ ಇನ್ನೊಂದು ಚೆಂದ. ಪಾದರಕ್ಷೆಗಳನ್ನು ಹೊರಗೆ ಬಿಡಿ ಎಂದು ಬೋರ್ಡು. ಒಳಗೆ ಕಾಲಿಟ್ಟ ಕೂಡಲೇ, ಬರಿಗಾಲಲ್ಲಿ ಅಡ್ಡಾಡಬೇಡಿ ಎಂದು ಗೋಡೆಯ ಮೇಲೆ ಚಿತ್ರ. ಯಾವುದನ್ನು ನಂಬಬೇಕು? ಕಳೆದ ಸಲ ಡಾಕ್ಟರು ಬರೀ ಕಾಲು ನೋಡಿ ಕಳಿಸಿದಾಗ ಇದೇ ಮಂದಿ ಕೊಟ್ಟ ಕರಿಯ ಮೆತ್ತನೆಯ ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು, ತಣ್ಣನೆಯ ಟೈಲ್ಸಿನ ಮೇಲೆ ಹೆಜ್ಜೆ ಹಾಕಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತ. ಟೈಲ್ಸು ತಣ್ಣಗಿದೆ ಎಂದು ಗೊತ್ತಾದದ್ದು ಎಡಗಾಲಿಗೆ. ಕಿಸೆಯಲ್ಲಿ ಫೋನು ಗುರುಗುಟ್ಟಿತು. ಊರಿನಿಂದ, ದುಂಡಸಿಯಿಂದ, ಶಿದ್ಲಿಂಗಪ್ಪ. ಅವರ ಮನೆಗೆ ರಾಚಯ್ಯನ ತಂದೆ ಹೋಗುತ್ತಿದ್ದ, ತಂದೆಯ ತಂದೆ ಹೋಗುತ್ತಿದ್ದ; ಶ್ರಾವಣದ ಕಡೆಯ ಸೋಮವಾರ ಅಲ್ಲಿ ಪಾದಪೂಜೆ ತಪ್ಪಿದ್ದೇ ಇಲ್ಲ. "ಅಯ್ಯಾರ, ಸಂಜೀಕ ಮರೀಬ್ಯಾಡ್ರಿ ಮತ್ತ. ಈ ಸಲ ನಮ್ಮ ಸೊಸಿ ಮಂಜುಳಾನೂ ಉಪಾಸ ಹಿಡದಾಳ್ರಿ. ಹೊಟ್ಟಿಲೆ ಅದಾಳ, ಬ್ಯಾಡ ಅಂದ್ರೂ ಅವ್ವ ಕೇಳವಲ್ಲಳು. ನಿಮ್ಮ ಪಾದೋದಕ ತಗೊಂಡ ಮ್ಯಾಲೇ ಬಾಯಾಗ ಏನರ ಹಾಕ್ಕೊತಾಳಂತ." ರಾಚಯ್ಯ ಹೂಂ ಎಂದ. ಹೂಂ ಎನ್ನದೆ ಬೇರೆ ಏನು ಅನ್ನಲು ಬರುತ್ತದೆ ಎಂದು ಹುಡುಕಿದ. ಅಷ್ಟರಲ್ಲಿ ಶಿದ್ಲಿಂಗಪ್ಪ ಫೋನು ಇಟ್ಟಿದ್ದ.

ಎದುರಿಗೆ ಕುಳಿತ ಮುದುಕನೊಬ್ಬ ಅವನ ಪಟ್ಟಿ ಕಟ್ಟಿದ ಕಾಲನ್ನೇ ನೋಡುತ್ತಿದ್ದ. ರಾಚಯ್ಯ ಧೋತರ ಇಳಿಬಿಟ್ಟು ಮುಚ್ಚಿದ. ಇಷ್ಟು ವರ್ಷ ಕಾಲನ್ನು ಮುಂದೆ ಚಾಚುವುದೇ ಕೆಲಸವಾಗಿದ್ದವನಿಗೆ ಈಗ ಮುಚ್ಚುವುದು ಕೆಲಸವಾಯಿತು. ಮೊದಲು ಅದೊಂದು ಆಣಿ, ಅಷ್ಟೇ. ಹೆಬ್ಬೆರಳ ಬುಡದಲ್ಲಿ, ಅಂಗಾಲಿಗೆ, ಜೋಳದ ಕಾಳಿನಷ್ಟು. ಹೆಂಡತಿ ಸುಶೀಲವ್ವನ ತವರು ಹಿರೇಕೆರೂರು. ಅಲ್ಲಿಗೆ ಹೋದಾಗ ಸಂತೆಯಲ್ಲಿ ಛತ್ರಿ ನೆಟ್ಟುಕೊಂಡು ಕುಳಿತವನೊಬ್ಬ, ಆಣಿ ಉಗುರು ಹಿಮ್ಮಡಿ ಎಲ್ಲಕ್ಕೂ ತಜ್ಞ ಎಂದು ಬಟ್ಟೆಯ ಮೇಲೆ ಬರೆಸಿಕೊಂಡವನು, ಕೊಂಬು ಹಚ್ಚಿ ಬಾಯಿಂದ ಎಳೆದು, ಅಂಗೈಯಲ್ಲಿ ಬಿಳಿಯದೊಂದು ಎಳೆ ತೋರಿಸಿ, "ನೋಡ್ರಿ ಅಯ್ಯಾರ, ಬೇರು ಸೈತ ಬಂತು" ಅಂದಿದ್ದ. ಅದು ಅವನ ಬೆರಳ ಸಂದಿಯಿಂದಲೇ ಬಂದದ್ದು ಎಂದು ರಾಚಯ್ಯನಿಗೆ ಅರೆಬರೆ ಕಂಡಿತ್ತು. ಸುತ್ತ ಮಂದಿ ನಿಂತಿದ್ದರು, ಅಯ್ಯಾರಿಗೆ ಮೋಸ ಮಾಡುತ್ತಾನೆಯೇ ಎಂಬ ಮುಖ ಮಾಡಿಕೊಂಡು. ಮೋಸ ಹೋದೆ ಅಂದರೆ ತನ್ನ ಮಾನವೇ ಹೋಗುತ್ತದೆಂದು ಸುಮ್ಮನೆ ಎದ್ದು ಬಂದಿದ್ದ. ಕೊಂಬು ಹಚ್ಚಿದ ಜಾಗ ಮುಂದೆ ಕೆಂಪಗಾಗಿ ಒಸರತೊಡಗಿತು.

ಆಮೇಲೆ ಹಾನಗಲ್ಲಿನ ಮಹಾಂತೇಶ ಡಾಕ್ಟರು. ಅವರ ನೆನಪಾದರೆ ಈಗಲೂ ಸಿಟ್ಟೋ ಪ್ರೀತಿಯೋ ತಿಳಿಯುವುದಿಲ್ಲ. ಭಕ್ತರ ಮನೆತನ. ಬಾಗಿಲಲ್ಲಿ ಅಷ್ಟು ಮಂದಿ ಕಾಯುತ್ತಿರುವಾಗ ಅವನನ್ನು ಕೈಹಿಡಿದು ಒಳಗೆ ಕರೆದೊಯ್ದು ತಮ್ಮ ಕುರ್ಚಿಯಲ್ಲೇ ಕೂರಿಸಿದರು. ಬಗ್ಗಿ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಹುಣ್ಣು ನೋಡಿದರು. ಸುತ್ತಲಿನ ಸತ್ತ ಚರ್ಮವನ್ನು ಕೆತ್ತಿ ತೆಗೆಯಬೇಕು ಎಂದು ಅವರಿಗೆ ಗೊತ್ತಿತ್ತು. ಕೈಯಲ್ಲಿ ಬ್ಲೇಡು ಹಿಡಿದರು ಕೂಡ. ಹಿಡಿದು ಇಟ್ಟುಬಿಟ್ಟರು. "ನಿಮ್ಮ ಪಾದಕ್ಕ ಬ್ಲೇಡ್ ಹಚ್ಚಾಕ ನನಗ ಕೈ ಬರೂದಿಲ್ರಿ ಅಯ್ಯಾರ. ನಮ್ಮಪ್ಪ ಕೇಳಿದ್ರ ಮನಿ ಹೊರಗ ಹಾಕ್ತಾನ" ಎಂದು ನಕ್ಕು, ಹತ್ತಿಯ ತುದಿಯಿಂದ, ದೇವರಿಗೆ ಗಂಧ ಹಚ್ಚುವಷ್ಟು ಹಗುರಾಗಿ, ಮುಲಾಮು ಸವರಿದರು. ಆ ದಿನ ರಾಚಯ್ಯನಿಗೆ ಎಷ್ಟು ಸಂತೋಷವಾಗಿತ್ತು! ಡಾಕ್ಟರೆಂದರೆ ಹಿಂಗಿರಬೇಕು, ಏನು ಸಂಸ್ಕಾರ, ಎಂದು ಬಸ್ಸಿನಲ್ಲಿ ಪಕ್ಕದವನಿಗೆ, ಮನೆಗೆ ಬಂದು ಸುಶೀಲವ್ವನಿಗೆ, ಕಟ್ಟೆಯ ಮೇಲೆ ಕುಳಿತವರಿಗೆ ಹೇಳಿದ್ದೇ ಹೇಳಿದ್ದು. ಮತ್ತೆ ಮತ್ತೆ ಹೋದ. ಪ್ರತಿ ಸಲ ನಮಸ್ಕಾರ, ಪ್ರತಿ ಸಲ ಮುಲಾಮು. ಮೇಲೆ ಚರ್ಮ ಗಟ್ಟಿಯಾಗಿ ಮುಚ್ಚಿಕೊಂಡಿತು, ಒಳಗೆ ಕೊಳೆಯುತ್ತ ಹೋಯಿತು. ಒಂದು ದಿನ ಹಾಸಿಗೆಯ ಮೇಲೆ ಕೀವಿನ ಕಲೆ ಕಂಡು ಸುಶೀಲವ್ವ, "ಇದ ಯಾತರದ್ರಿ?" ಎಂದು ಕೇಳಿದಾಗಲೇ ಗೊತ್ತಾದದ್ದು. ಹಾನಗಲ್ಲಿನ ಡಾಕ್ಟರು ಅವನನ್ನು ಅವಮಾನಿಸಿದ್ದರೆ ಎಷ್ಟು ಚೆನ್ನಾಗಿತ್ತು.

"ರಾಚಯ್ಯ ಹಿರೇಮಠ" ಎಂದು ಒಳಗಿನಿಂದ ಕರೆದರು. ಅಯ್ಯಾರ ಅಲ್ಲ, ಸ್ವಾಮೇರ ಅಲ್ಲ. ಬ್ಯಾಂಕಿನಲ್ಲಿ ಕರೆದ ಹಾಗೆ. ಯಶೋಧರಾ ಕೈಗೆ ರಬ್ಬರಿನ ಗವಸು ಹಾಕಿಕೊಳ್ಳುತ್ತ, "ಬರ್ರಿ, ಕುಂದರ್ರಿ, ಕಾಲ ಮ್ಯಾಲಿಡ್ರಿ" ಎಂದಳು. ಮೂವತ್ತು ದಾಟಿರದ ಹೆಣ್ಣುಮಗಳು. ಬರೀ ಕಾಲನ್ನೇ ನೋಡುವ ವಿದ್ಯೆ ಕಲಿತು ಬಂದವಳು ಎಂದು ಕೆಳಗಿನ ಔಷಧಿ ಅಂಗಡಿಯವನು ಹೇಳಿದ್ದ. ಡಾಕ್ಟರು ವಾರಕ್ಕೊಮ್ಮೆ ಬರುವರಂತೆ, ಉಳಿದ ದಿನ ಇವಳದೇ ರಾಜ್ಯ. ಕುರ್ಚಿ ಹಿಂದಕ್ಕೆ ಮಲಗಿತು, ಕಾಲು ಮೇಲೆ ಹೋಯಿತು. ಹೋದದ್ದು ನೇರವಾಗಿ ಎದುರಿನ ಗೋಡೆಯ ಕಡೆಗೆ, ಗೋಡೆಯ ಮೇಲಿನ ಕಣ್ಣು ಮುಚ್ಚಿದ ಬುದ್ಧನ ಚಿತ್ರದ ಕಡೆಗೆ. ರಾಚಯ್ಯ ಗಪ್ಪನೆ ಕಾಲು ಇಳಿಸಿದ. ಅವಳು ಎತ್ತಿ ಇಟ್ಟಳು. ಅವನು ಮತ್ತೆ ಇಳಿಸಿದ. "ಏನ್ರಿ, ಕಾಲ ನಿಂದರವಲ್ದು?" "ಎದುರಿಗೆ ದೇವರ ಪಟ ಐತೆಲ್ಲ." ಅವಳು ಹಿಂತಿರುಗಿ ನೋಡಿದಳು. "ಆತ ಏನೂ ಅನ್ನಂಗಿಲ್ರಿ. ದಿನಾ ಎಲ್ಲಾರ ಕಾಲೂ ನೋಡ್ತಾನ. ಇಡ್ರಿ."

ಕಣ್ಣು ಮುಚ್ಚಿಕೊಳ್ಳಲು ಹೇಳಿದಳು. ಮೀನು ಹಿಡಿಯುವ ದಾರದಂಥ ಒಂದು ಎಳೆ ಅವಳ ಕೈಯಲ್ಲಿ. ಅದನ್ನು ಅಂಗಾಲಿಗೆ ತಾಗಿಸುವೆ, ತಾಗಿದಾಗ ಹೂಂ ಅನ್ನಬೇಕು ಅಂದಳು. ರಾಚಯ್ಯ ಕಣ್ಣು ಮುಚ್ಚಿ ಕಾದ. ಹೊರಗೆ ಯಾರೋ ಕೆಮ್ಮಿದರು. ಫ್ಯಾನು ತಿರುಗುತ್ತಿತ್ತು. ಏನೂ ತಾಗಲಿಲ್ಲ. ಇಷ್ಟು ಹೊತ್ತು ಸುಮ್ಮನಿದ್ದರೆ ಏನೆಂದುಕೊಂಡಾಳು? ಶಾಲೆಯಲ್ಲಿ ಮಗ್ಗಿ ಬಾರದೆ ಬಾಯಿ ಅಲ್ಲಾಡಿಸುತ್ತಿದ್ದ ಹುಡುಗನಂತೆ ಅಂದಾಜಿನ ಮೇಲೆ "ಹೂಂ" ಎಂದ. ಸ್ವಲ್ಪ ಬಿಟ್ಟು ಇನ್ನೊಮ್ಮೆ "ಹೂಂ, ಗೊತ್ತಾತು, ಹಿಮ್ಮಡಿಗೆ" ಎಂದ. "ನಾ ಇನ್ನೂ ಮುಟ್ಟೇ ಇಲ್ರಿ" ಎಂದಳು ಯಶೋಧರಾ. ಕಣ್ಣು ತೆರೆದರೆ ಅವಳು ಎಳೆಯನ್ನು ಕೈಯಲ್ಲಿ ಹಿಡಿದು ಅವನ ಮುಖ ನೋಡುತ್ತ ನಿಂತಿದ್ದಳು. ನಗಲಿಲ್ಲ. ನಕ್ಕಿದ್ದರೆ ಬೈಯಬಹುದಿತ್ತು. "ನನಗ ಸುಳ್ಳು ಹೇಳಿದ್ರ ನನಗೇನೂ ಲುಕ್ಸಾನಿಲ್ಲ. ಈ ಕಾಲಿಗೆ ತಿಳೀವಲ್ದು ಅನ್ನೂದು ನಿಮಗ ತಿಳೀಬೇಕು." ಮತ್ತೆ ಕಣ್ಣು ಮುಚ್ಚಿಸಿದಳು. ಈ ಸಲ ಅವನು ಬಾಯಿ ಬಿಗಿಹಿಡಿದು ಸುಮ್ಮನಿದ್ದ. ಅವಳು ಎಷ್ಟೋ ಕಡೆ ತಾಗಿಸಿದ್ದಳಂತೆ.

ಆಮೇಲೆ ಬ್ಲೇಡು. ಹಾನಗಲ್ಲಿನವರು ಕೈಗೆತ್ತಿಕೊಂಡು ಇಟ್ಟ ಅಂಥದ್ದೇ ಬ್ಲೇಡು. ಗಟ್ಟಿ ಚರ್ಮವನ್ನು ಪದರು ಪದರಾಗಿ ಕೆತ್ತಿ ಹಾಕಿದಳು, ವಾಸನೆ ಎದ್ದಿತು. ರಾಚಯ್ಯ ಶಾಲಿನ ಅಂಚನ್ನು ಮೂಗಿಗೆ ಹಿಡಿದ. ಅವಳು ಹಿಡಿಯಲಿಲ್ಲ. ಸ್ವಂತ ಕಾಲಿಗೆ ತಾನು ಮೂಗು ಮುಚ್ಚುವುದೇ ಎಂದು ನಾಚಿ ಶಾಲು ಇಳಿಸಿದ. ರಕ್ತ ಬಂತು. "ಬರಲಿ ಬಿಡ್ರಿ. ಕೆಂಪ ಬಂತಂದ್ರ ಅಲ್ಲಿ ಇನ್ನೂ ಜೀವ ಐತಿ ಅಂತ." ಎಷ್ಟೋ ತಿಂಗಳ ನಂತರ ಯಾರೋ ತನ್ನ ಕಾಲಿಗೆ ನಿಜವಾಗಿ ಏನಾದರೂ ಮಾಡುತ್ತಿದ್ದಾರೆ ಎಂಬ ಹಗುರು ಅವನ ಎದೆಯಲ್ಲಿ ಹಬ್ಬಿತು, ಅದರ ಬೆನ್ನಿಗೇ ಇನ್ನೊಂದು ಕುಟುಕಿತು: ಯಾರ ಕೈ ಇದು? ಅವಳ ಹೆಸರು, ಗೋಡೆಯ ಬುದ್ಧ, ಎಲ್ಲವೂ ಮೊದಲ ದಿನವೇ ಹೇಳಿದ್ದವು. ಕೇಳಬಾರದು ಎಂದುಕೊಂಡೇ ಒಳಗೆ ಕೇಳುತ್ತಿದ್ದ. ಅವಳೇ ಅಂದಳು, ಕೆತ್ತುತ್ತ, ತಲೆ ಎತ್ತದೆ: "ನಮ್ಮಜ್ಜಿ ನಿಮ್ಮೂರಿನಾಕಿರಿ. ನಿಮ್ಮಪ್ಪಾರು ಓಣಿಯೊಳಗ ಹಾದು ಹೋಗೂ ಮುಂದ ದೂರ ನಿಂತು, ಅವರು ದಾಟಿಹೋದ ಮ್ಯಾಲ ಮಣ್ಣಿಗೆ ಅಡ್ಡಬೀಳತಿದ್ಲಂತ. ಕಾಲ ಮುಟ್ಟಾಕ ಬಿಡತಿದ್ದಿಲ್ಲಲ್ಲ." ರಾಚಯ್ಯ ಹಿಂದಿನ ಕಾಲದ ಮಾತು ಅನ್ನಬಹುದಿತ್ತು, ಹಂಗೆಲ್ಲ ಈಗೆಲ್ಲೈತಿ ಅನ್ನಬಹುದಿತ್ತು. ಆ ಮಾತುಗಳು ನಾಲಿಗೆಯವರೆಗೆ ಬಂದು ತಾವೇ ಮರಳಿದವು. "ಕಾಲ ಅಲ್ಲಾಡಸಬ್ಯಾಡ್ರಿ" ಎಂದಳು ಅವಳು.

ಫೋನಿನಲ್ಲಿ ಅಂಗಾಲಿನ ಫೋಟೋ ತೆಗೆದು ತೋರಿಸಿದಳು. ಐವತ್ತಾರರ ವಯಸ್ಸಿನಲ್ಲಿ ರಾಚಯ್ಯ ತನ್ನ ಅಂಗಾಲನ್ನು ಪೂರ್ತಿ ನೋಡಿದ್ದು ಅದೇ ಮೊದಲು. ಹಳದಿಗಟ್ಟಿದ ಹಿಮ್ಮಡಿ, ಸೀಳುಗಳು, ಹೆಬ್ಬೆರಳ ಬುಡದಲ್ಲಿ ಕೆಂಪು ಗುಳಿ. ಇದನ್ನೇ ಮಂದಿ ತಲೆಯ ಮೇಲೆ ಇಟ್ಟುಕೊಂಡದ್ದು. ಹೋದ ಸೋಮವಾರ ಯಲವಿಗಿಯಲ್ಲಿ, ಅದರ ಹಿಂದಿನ ವಾರ ಸವಣೂರಿನಲ್ಲಿ, ಹೊಸ್ತಿಲ ಹೊರಗೆ ಪಟ್ಟಿ ಬಿಚ್ಚಿ ಕಿಸೆಗೆ ಹಾಕಿಕೊಂಡು ಒಳಗೆ ಹೋಗಿದ್ದ. ಯಲವಿಗಿಯ ಮುದುಕನೊಬ್ಬ ನಡುಗುವ ಅಂಗೈಯಲ್ಲಿ ನೀರು ಹಿಡಿದು ಸುರ್ ಎಂದು ಹೀರಿದ್ದ. ಆ ಸುರ್ ಎಂಬ ಸಪ್ಪಳ ಅಂದಿನಿಂದ ಇವನ ಕಿವಿಯಲ್ಲಿ ಕುಳಿತಿದೆ. ಯಾರಿಗಾದರೂ ಹೊಟ್ಟೆ ನೋವಂತೆ, ವಾಂತಿಯಂತೆ ಎಂಬ ಸುದ್ದಿ ಬರುತ್ತದೆಯೇ ಎಂದು ವಾರವೆಲ್ಲ ಫೋನು ಬಡಿದಾಗೊಮ್ಮೆ ಬೆದರಿದ್ದಾನೆ. ಯಾರಿಗೂ ಏನೂ ಆಗಲಿಲ್ಲ. ಅದೂ ಒಂದು ನಮೂನೆಯ ಹಿಂಸೆ. ಪಾದಕ್ಕೆ ಅಂಥ ಶಕ್ತಿ ಇದ್ದರೂ ಇರಬಹುದು ಎಂದು ಒಂದು ಕ್ಷಣ ನಂಬಿ, ಮರುಕ್ಷಣವೇ ತನ್ನ ಮೇಲೆ ತನಗೇ ಹೇಸಿಗೆಯಾಗಿತ್ತು.

ಯಶೋಧರಾ ಹೊಸ ಪಟ್ಟಿ ಸುತ್ತುತ್ತ, "ನೀರ ಹತ್ತಬಾರದು. ಹತ್ತಿತಂದ್ರ ಈ ಬೆರಳು ಹೋಗ್ತೈತಿ. ಬೆರಳಿಗೇ ನಿಂತ್ರ ಪುಣ್ಯ. ಡಾಕ್ಟರ ನಿಮ್ಮನ್ನ ಹುಬ್ಬಳ್ಳಿಗೆ ಕಳಸೋದಾ ಅಂತ ನೋಡಾಕತ್ತಾರ, ನಾನ ತಡದೇನಿ" ಎಂದಳು. ರಾಚಯ್ಯ ಗೋಡೆ ನೋಡುತ್ತ, "ಒಂದೀಟ ನೀರು... ಪೂಜಾದಾಗ... ಮ್ಯಾಲಿಂದ ಮ್ಯಾಲ ಹಾಕಿದ್ರ?" ಎಂದ. ಅವಳ ಕೈ ನಿಂತಿತು. "ಯಾರ ಕಾಲಿಗೆ ಹಾಕ್ತಾರ? ಈ ಕಾಲಿಗೆ?" ಅವನು ಧೋತರದ ಅಂಚು ಎಳೆದು ಕಾಲಿನ ಮೇಲೆ ಹಾಕಿಕೊಳ್ಳಲು ನೋಡಿದ. "ಹಾಕಿದ ಮ್ಯಾಲ ಆ ನೀರ ಏನ ಮಾಡ್ತಾರ್ರಿ?" ಅವನು ಕಣ್ಣನ್ನು ಬುದ್ಧನ ಚಿತ್ರದ ಮೇಲೆಯೇ ಇಟ್ಟ. "ನನಗ ಗೊತ್ತೈತ್ರಿ ಏನ ಮಾಡ್ತಾರಂತ. ನಿಮ್ಮ ಬಾಯಿಂದ ಬರಲಿ ಅಂತ ಕೇಳಿದೆ. ಕಾಲಿಗೆ ಹುಣ್ಣಾಗೇತಿ, ಬ್ಯಾಡ, ಅಂದ್ರ ಮುಗೀತಲ್ರಿ. ಅಷ್ಟ ಅನ್ನಾಕ ಏನ ಧಾಡಿ?" ಧಾಡಿ! ಅಪ್ಪನ ವಯಸ್ಸಿನವನಿಗೆ ಆಡುವ ಮಾತೇ ಇದು? ಅಷ್ಟು ಸರಳವಾಗಿದ್ದರೆ ನಾನೇಕೆ ನಿನ್ನ ಮೆಟ್ಟಿಲು ಹತ್ತಿ ಬರುತ್ತಿದ್ದೆ ತಾಯಿ ಎಂದು ಕೂಗಬೇಕೆನಿಸಿತು. ಮನೆ ಕಟ್ಟುವ ಗೌಂಡಿಗೆ ಬೆನ್ನು ನೋವಾದರೆ ರಜೆ, ಮಾಸ್ತರನಿಗೆ ಗಂಟಲು ಕೆಟ್ಟರೆ ರಜೆ. ಅಯ್ಯನ ಕಾಲು ಕೊಳೆತರೆ ಅವನಲ್ಲಿ ಉಳಿದದ್ದು ಏನು? "ಹೇಳ್ತೇನಿ" ಎಂದು ಎದ್ದ.

ದುಂಡಸಿಯ ಬಸ್ಸಿನಲ್ಲಿ ಕಂಡಕ್ಟರು ಒಬ್ಬನನ್ನು ಎಬ್ಬಿಸಿ ಅವನಿಗೆ ಸೀಟು ಕೊಡಿಸಿದ. ಎದ್ದವನು ದಾರಿಯುದ್ದಕ್ಕೂ ಗುರ್ರೆಂದು ನೋಡುತ್ತ ನಿಂತಿದ್ದ. ಕಿಟಕಿಯ ಹೊರಗೆ ಗೋವಿನಜೋಳ ಆಳೆತ್ತರ ನಿಂತಿತ್ತು. ರಾಚಯ್ಯ ಮಾತು ಜೋಡಿಸತೊಡಗಿದ. ಶಿದ್ಲಿಂಗಪ್ಪ, ಈ ಸಲ ಕಾಲಿಗೆ ಸ್ವಲ್ಪ ಪೆಟ್ಟಾಗೇತಿ. ಪೆಟ್ಟು ಅಂದರೆ ಸುಳ್ಳಾಯಿತು. ಹುಣ್ಣಾಗೇತಿ. ಹುಣ್ಣು ಯಾತರದ್ದು ಅಂದರೆ? ಸಕ್ಕರಿ ಬ್ಯಾನಿ. ಅಯ್ಯಾರು ಮಂದಿ ಮನೆಯ ಹೋಳಿಗೆ ತಿಂದು ತಿಂದು ಸಕ್ಕರಿ ಬ್ಯಾನಿ ತರಿಸಿಕೊಂಡರು ಎಂದು ಕಟ್ಟೆಯ ಮೇಲೆ ನಗುವರು. ಎಡಗಾಲು ಕೊಟ್ಟರೆ? ಎಡಗಾಲು ಯಾರು ತೊಳೆಯುತ್ತಾರೆ! ತಂದೆಗೂ ಇದೇ ಆಗಿತ್ತೋ ಏನೋ, ಕಡೆಗಾಲದಲ್ಲಿ ಸದಾ ಕಾಲಿಗೆ ಬಟ್ಟೆ ಸುತ್ತಿಕೊಂಡು ಕೂರುತ್ತಿದ್ದ, ಯಾರೂ ಬಿಚ್ಚಿ ನೋಡಲಿಲ್ಲ. ಮಗನೂ ನೋಡಲಿಲ್ಲ. ಪಾದವೆಂದರೆ ಮುಟ್ಟಿ ಕೈ ಮುಗಿಯುವುದು, ಬಿಚ್ಚಿ ನೋಡುವುದಲ್ಲ ಎಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಮನೆಯಲ್ಲಿ ಸುಶೀಲವ್ವ ಬಾಗಿಲಲ್ಲೇ ಕಾದಿದ್ದಳು. "ಏನಂದ್ರು?" "ನೀರ ಹತ್ತಬಾರದಂತ." "ಯಾರ ನೋಡಿದ್ರು?" "ಒಬ್ಬಾಕಿ ಹೆಣ್ಣಮಗಳು." "ಯಾರ ಪೈಕಿ?" "ದವಾಖಾನಿ ಪೈಕಿ" ಎಂದು ಹಲ್ಲು ಕಡಿದ. ಸುಶೀಲವ್ವ ಮುಂದೆ ಕೇಳಲಿಲ್ಲ. ಆದರೆ ಕುಡಿಯಲು ನೀರು ತಂದವಳು ತಂಬಿಗೆ ಹಿಡಿದು ಅಲ್ಲೇ ನಿಂತಳು. "ಹೋಗದಿದ್ರ ಏನಂತಾರ್ರಿ ಮಂದಿ? ಅಯ್ಯಾರ ಕಾಲ ಕೊಳ್ಯಾಕತ್ತೇತಿ ಅಂತಾರ." "ಕೊಳ್ಯಾಕತ್ತೇತಿ. ಸುಳ್ಳೇನು?" ಅವಳ ಕಣ್ಣು ತುಂಬಿದವು. ಬೈದದ್ದಕ್ಕೆ ನೊಂದು, ನೊಂದದ್ದಕ್ಕೆ ಇನ್ನಷ್ಟು ಸಿಟ್ಟಾಗಿ, ರಾಚಯ್ಯ ಶಾಲು ಕೊಡವಿ ಹೊದ್ದು ಹೊರಟ. "ಹೋಗ್ತೇನಿ. ಹೋಗಿ ಹೇಳಿ ಬರ್ತೇನಿ. ಪಾದ ಬ್ಯಾಡ, ಲಿಂಗಪೂಜಾ ಮಾಡಿ ಮುಗಸೋಣು ಅಂತೇನಿ. ತಿಳೀದ ಮಂದಿ ಅಲ್ಲ ಅವರು."

ಶಿದ್ಲಿಂಗಪ್ಪನ ಪಡಸಾಲೆಯಲ್ಲಿ ಮಣೆ ಹಾಕಿ, ಮುಂದೆ ಹಿತ್ತಾಳಿಯ ಅಗಲ ತಟ್ಟೆಯಂಥ ಪರಾತ ಇಟ್ಟಿದ್ದರು. ರಂಗೋಲಿ, ಪತ್ರಿ, ವಿಭೂತಿ, ಕುಂಕುಮ. ಒಳಗಿನಿಂದ ಹೋಳಿಗೆಯ ಹೂರಣದ ವಾಸನೆ. ಶಿದ್ಲಿಂಗಪ್ಪನ ತಾಯಿ ನಾಗವ್ವ ಪರಾತದ ಮುಂದೆ ಮೊಣಕಾಲೂರಿ ಕುಳಿತಾಗಿತ್ತು. ಅವಳ ಹಿಂದೆ ಶಿದ್ಲಿಂಗಪ್ಪನ ಸೊಸೆ ಮಂಜುಳಾ ತುಂಬಿದ ಬಸುರು ಹೊತ್ತು ತಂಬಿಗೆ ಹಿಡಿದು ನಿಂತಿದ್ದಳು, ಉಪವಾಸಕ್ಕೆ ತುಟಿ ಒಣಗಿತ್ತು. ರಾಚಯ್ಯ ನಿಂತೇ ಹೇಳಿದ. ಬಸ್ಸಿನಲ್ಲಿ ಜೋಡಿಸಿದ್ದೆಲ್ಲ ಮರೆತು, "ಇವತ್ತ ಪಾದ ಬ್ಯಾಡ" ಎಂದಷ್ಟೇ ಬಂತು. ಶಿದ್ಲಿಂಗಪ್ಪನ ಮುಖ ಬಿಳಿಚಿಕೊಂಡಿತು. "ಯಾಕ್ರಿ ಅಯ್ಯಾರ? ನಮ್ಮಿಂದ ಏನರ ತಪ್ಪಾತೇನ್ರಿ?" "ತಪ್ಪಲ್ಲಪಾ. ಕಾಲಿಗೆ ಹುಣ್ಣಾಗೇತಿ. ಕೀವು ಬರಾಕತ್ತೇತಿ." ಹೇಳಿದೆ, ಹೇಳಿಯೇಬಿಟ್ಟೆ ಎಂದು ರಾಚಯ್ಯನ ಉಸಿರು ಸಡಿಲವಾಯಿತು. ಆದರೆ ಯಾರೂ ಬೆಚ್ಚಿಬೀಳಲಿಲ್ಲ. ನಾಗವ್ವ ಬೊಚ್ಚುಬಾಯಲ್ಲಿ ನಕ್ಕಳು. "ದೊಡ್ಡವರು ಹಂಗ ಅಂತಾರಪಾ. ತಮ್ಮನ್ನ ತಾವು ಸಣ್ಣ ಮಾಡ್ಕೊಂಡು ಮಾತಾಡ್ತಾರ. ಕುಂದರ್ರಿ ಅಯ್ಯಾರ." "ಖರೇನ ಹೇಳಾಕತ್ತೇನಿ ಯವ್ವಾ, ಹೊಲಸ ಐತಿ ಅದು." "ಹುಣ್ಣಿದ್ರ ನಿಮಗ. ಪಾದಕ್ಕೇನಾಗತೈತ್ರಿ?"

ಶಿದ್ಲಿಂಗಪ್ಪ ಭುಜ ಹಿಡಿದು ಕೂರಿಸಿದ. ಪ್ರೀತಿಯಿಂದಲೇ ಕೂರಿಸಿದ; ಆ ಕೈಯಲ್ಲಿ ಬಲವಿತ್ತು. ಇದೇ ತನ್ನ ಗೋಳು ಎಂದು ರಾಚಯ್ಯನಿಗೆ ಅನಿಸಿತು: ಈ ಲೋಕದಲ್ಲಿ ತನಗೆ ಕೆಟ್ಟದ್ದು ಮಾಡಿದವರೆಲ್ಲ ಕೈಮುಗಿದುಕೊಂಡೇ ಮಾಡಿದ್ದಾರೆ. ಬೈಯಲು ಒಬ್ಬನೂ ಸಿಗುವುದಿಲ್ಲ. ನಾಗವ್ವ ಪಟ್ಟಿಯ ತುದಿ ಹುಡುಕಿ, ಗಂಟು ಸಡಿಲಿಸಿ, ಸುತ್ತು ಸುತ್ತಾಗಿ ಬಿಚ್ಚತೊಡಗಿದಳು, ತುಟಿಯಲ್ಲಿ ಶಿವಶಿವಾ ಎನ್ನುತ್ತ. ಯಶೋಧರಾಳ ಬೆಳಗಿನ ಕೆಲಸವೆಲ್ಲ ಹಾಳಾಗಿ ಹೋಗುತ್ತಿದೆ ಎಂದು ಅವನಿಗೆ ಕಾಣುತ್ತಿತ್ತು, ಕಾಲನ್ನು ಎಳೆದುಕೊಳ್ಳಲು ಮೈ ಒಪ್ಪಲಿಲ್ಲ. ಪಾದ ಹಿಡಿದವರ ಕೈಯಿಂದ ಪಾದ ಬಿಡಿಸಿಕೊಳ್ಳುವುದನ್ನು ಅವನ ವಂಶದಲ್ಲಿ ಯಾರೂ ಕಲಿತಿರಲಿಲ್ಲ. ಕಡೆಯ ಸುತ್ತು ಬಿಚ್ಚಿ ಹತ್ತಿ ಕಿತ್ತು ಬಂತು. ನಾಗವ್ವನ ಮಂಜುಗಣ್ಣಿಗೆ ಏನು ಕಂಡಿತೋ, ಅವಳು ಪತ್ರಿ ಏರಿಸಿದಳು. ಶಿದ್ಲಿಂಗಪ್ಪ ಕಣ್ಣು ಮುಚ್ಚಿ ಕೈ ಜೋಡಿಸಿದ್ದ. ಹಿಮ್ಮಡಿಯ ಮೇಲೆ ಎತ್ತಿ ನಿಂತ ಅಂಗಾಲು ಕಂಡದ್ದು ಮಂಜುಳಾಗೆ. ಅವಳ ಮುಖ ಒಮ್ಮೆ ಕಿವುಚಿತು. ವಾಂತಿ ಬಂದದ್ದನ್ನು ನುಂಗಿಕೊಂಡು, ಒಂದು ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡಳು. "ಹಾಕ ಮಂಜುಳಾ, ಯಾಕ ನಿಂತಿ? ಹಾಕು" ಎಂದಳು ನಾಗವ್ವ. ಹುಡುಗಿ ತಂಬಿಗೆ ಬಗ್ಗಿಸಿ ನೀರು ಹಾಕಿದಳು. ನೀರು ಪತ್ರಿಯ ಮೇಲೆ, ಗುಳಿಯ ಮೇಲೆ, ಬೆರಳ ಸಂದಿಗಳಿಂದ ಇಳಿದು ಪರಾತದಲ್ಲಿ ನಿಂತಿತು. ಅದರಲ್ಲಿ ತೆಳ್ಳಗೆ ಕೆಂಪು ಎಳೆಯೊಂದು ಹರಿದಾಡಿತು. ನಾಗವ್ವ ಕುಂಕುಮ ಬಿತ್ತೆಂದುಕೊಂಡಳೋ ಏನೋ, ಬೊಗಸೆಯಲ್ಲಿ ನೀರು ಎತ್ತಿ, "ಮೊದಲ ನೀ ತಗೋ, ಎರಡು ಜೀವದಾಕಿ" ಎಂದು ಮಂಜುಳಾಳ ಕಡೆ ತಿರುಗಿದಳು.

ಮಂಜುಳಾ ಅಂಗೈ ಒಡ್ಡಿದಳು. ಒಡ್ಡುತ್ತ ರಾಚಯ್ಯನ ಕಣ್ಣನ್ನು ನೋಡಿದಳು. ಬೇರೆ ಯಾರನ್ನೂ ಅಲ್ಲ, ಅವನನ್ನೇ.

"ಬ್ಯಾಡ!" ಎಂದು ಕೂಗಿದ್ದು ತಾನೇ ಎಂದು ಅವನಿಗೆ ಆಮೇಲೆ ತಿಳಿಯಿತು. ಕಾಲು ಅಷ್ಟರಲ್ಲಿ ಎದ್ದಿತ್ತು. ಹಿಮ್ಮಡಿ ನಾಗವ್ವನ ಮುಂಗೈಗೆ ಬಡಿದು ಬೊಗಸೆ ಒಡೆಯಿತು. ಪರಾತ ಠಣ್ ಎಂದು ಮಗುಚಿ ಪಡಸಾಲೆಯ ತುಂಬ ನೀರಾಯಿತು. ಒಲೆಯ ಮುಂದಿದ್ದವರು ಓಡಿ ಬಂದರು. ನಾಗವ್ವ ಪೆಟ್ಟು ತಿಂದ ಕೈಯನ್ನು ನೋಡಿಕೊಳ್ಳಲಿಲ್ಲ. ಅಯ್ಯಯ್ಯೋ ಪಾದೋದಕ ಚೆಲ್ಲಿತಲ್ಲೋ ಎಂದು ಬಗ್ಗಿ, ನೆಲದ ಮೇಲೆ ಹರಿಯುತ್ತಿದ್ದ ನೀರಿಗೆ ಬೆರಳು ಅದ್ದಿ ತುಟಿಯ ಕಡೆಗೆ ಒಯ್ದಳು. ರಾಚಯ್ಯ ಮಣೆಯಿಂದ ಧೊಪ್ಪನೆ ಇಳಿದು ಆ ಬೆರಳು ಹಿಡಿದುಕೊಂಡ. ಇನ್ನೊಂದು ಕೈಯಿಂದ ಹೆಗಲ ಕಾವಿ ಶಾಲು ಎಳೆದು, ಅವಳ ಕೈ ಒರೆಸಿದ. ಆಮೇಲೆ ಮೊಣಕಾಲ ಮೇಲೆಯೇ ಸರಿಯುತ್ತ ನೆಲ ಒರೆಸತೊಡಗಿದ. ಕಂಬದ ಬುಡ, ಹೊಸ್ತಿಲ ಅಂಚು, ರಂಗೋಲಿ, ಎಲ್ಲಿ ನೀರು ಹರಿದಿತ್ತೋ ಅಲ್ಲೆಲ್ಲ, ಒಂದು ಹನಿ ಉಳಿದರೂ ಯಾರಾದರೂ ಕಣ್ಣಿಗೆ ಒತ್ತಿಕೊಂಡಾರು ಎಂಬ ಗಾಬರಿಯಲ್ಲಿ ಉಜ್ಜಿ ಉಜ್ಜಿ ಒರೆಸಿದ. "ಅಯ್ಯಾರ, ಏನ ಮಾಡಾಕತ್ತೀರ್ರಿ? ನಮಗ ಪಾಪ ಹತ್ತತೈತ್ರಿ, ಏಳ್ರಿ" ಎಂದು ಶಿದ್ಲಿಂಗಪ್ಪ ಅಳುವ ದನಿಯಲ್ಲಿ ಹಿಂದೆ ಹಿಂದೆ ಬಂದ. ತೊಯ್ದ ಶಾಲನ್ನು ಎರಡೂ ಕೈಯಲ್ಲಿ ಬೇಡಿದ. ಅದನ್ನೂ ದೇವರ ಜಗಲಿಯ ಮೇಲೆ ಇಟ್ಟು ಪೂಜೆ ಮಾಡುವವನು ಇವನು! ರಾಚಯ್ಯ ಶಾಲನ್ನು ಉಂಡೆ ಮಾಡಿ ಕಂಕುಳಲ್ಲಿ ಒತ್ತಿ ಹಿಡಿದ.

ನಾಗವ್ವ ಗೋಡೆಗೆ ಒರಗಿ ಕುಳಿತಿದ್ದಳು. ಮುಂಗೈ ಕೆಂಪಗಾಗಿತ್ತು. ರಾಚಯ್ಯ ಅವಳ ಮುಂದೆ ಹೋಗಿ, ಆ ಕೈಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. "ಕಾಲು ತಾಗಿತು ಯವ್ವಾ" ಎಂದ. ಬಸ್ಸಿನಲ್ಲಿ, ಸಂತೆಯಲ್ಲಿ, ಒಬ್ಬರಿಗೆ ಕಾಲು ತಾಗಿದರೆ ಯಾರಾದರೂ ಮಾಡುವುದು ಅಷ್ಟೇ. ಅವನು ಹುಟ್ಟಿದ ಮೇಲೆ ಮಾಡಿರಲಿಲ್ಲ. ಮುದುಕಿ ಬಾಯಿ ತೆರೆದು ಅವನನ್ನೇ ನೋಡಿದಳು. ಅವಳ ಮುಖದಲ್ಲಿ ಭಕ್ತಿಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಎದುರಿಗೆ ಕುಳಿತವನು ಯಾರೆಂದು ಗುರುತು ಹಚ್ಚುತ್ತಿರುವ ಹಾಗಿತ್ತು.

ಆಗ ಹಿಂದಿನಿಂದ ಮಂಜುಳಾ, "ಅಜ್ಜಾರ, ಕಾಲು ಒರಸ್ಕೊಳ್ರಿ. ಹಸಿ ಇದ್ರ ಇನ್ನೂ ಕೆಡತೈತಿ" ಎಂದು ಒಣ ಟವೆಲು ಚಾಚಿದಳು. ಎಷ್ಟು ಮನೆಗಳಲ್ಲಿ, ಎಷ್ಟು ಮಂದಿ ಈ ಕಾಲಿಗೆ ನೀರು ಹಾಕಿದ್ದರು! ಒರೆಸಿಕೋ ಎಂದು ಒಂದು ಬಟ್ಟೆ ಕೊಟ್ಟವರು ಯಾರೂ ಇರಲಿಲ್ಲ. ಹನಿ ಹನಿಯೂ ತಾನಾಗಿ ಇಳಿಯಲಿ ಎಂದ ಮಂದಿ. ರಾಚಯ್ಯ ಟವೆಲು ತೆಗೆದುಕೊಂಡು, ಆ ಹಸಿ ನೆಲದ ಮೇಲೆಯೇ ಕಾಲು ಮಡಚಿ ಕುಳಿತು, ಹುಣ್ಣನ್ನು ಯಾರಿಗೂ ಮರೆಮಾಡದೆ, ಮೊದಲು ಹಿಮ್ಮಡಿ, ಆಮೇಲೆ ಒಂದೊಂದೇ ಬೆರಳಿನ ಸಂದಿ ಒರೆಸಿಕೊಳ್ಳತೊಡಗಿದ. ಮನೆಯವರೆಲ್ಲ ಸುತ್ತ ನಿಂತಿದ್ದರು. ಶಿದ್ಲಿಂಗಪ್ಪನ ಜೋಡಿಸಿದ ಕೈಗಳು ಮೆಲ್ಲಗೆ ಬಿಟ್ಟುಕೊಂಡು, ಎಲ್ಲಿ ಇಡಬೇಕೆಂದು ತಿಳಿಯದೆ, ಎರಡೂ ಪಕ್ಕಕ್ಕೆ ಇಳಿದವು.